ಒಬ್ಬರ ಆಟ, ಬೈ ಫೋರ್

ಕೃಷ್ಣಪ್ರಸಾದನ ಜೊತೆ ಆಟಕ್ಕೆ ಕೂರುವವರು ಈ ಭೂಮಂಡಲದಲ್ಲಿ ಯಾರೂ ಉಳಿದಿರಲಿಲ್ಲ. (ಭೂಮಂಡಲ ಎಂದರೆ ಚೆನ್ನೈನ ವೇಲಚೇರಿಯ ಒಂದು ಫ್ಲ್ಯಾಟು, ಅದರೊಳಗಿನ ಹೆಂಡತಿ ವಿನೋದಾ, ಕಾಲೇಜಿಗೆ ಹೋಗುವ ಮಗಳು ಶ್ರೀಯಾ, ಮತ್ತು ವರ್ಷಕ್ಕೊಮ್ಮೆ ಉಡುಪಿಯಿಂದ ಬಂದು ಎರಡು ದಿನ ಇದ್ದು ಹೋಗುವ ಭಾವಮೈದುನ ಸಂದೇಶ.) ಒಬ್ಬೊಬ್ಬರೂ ಒಂದೊಂದು ನೆಪ ಹೇಳಿ ಜಾರಿಕೊಂಡಿದ್ದರು. ನಿಜವಾದ ಕಾರಣ ಮೂವರಿಗೂ ಗೊತ್ತಿತ್ತು. ಗೊತ್ತಿಲ್ಲದವನು ಕೃಷ್ಣಪ್ರಸಾದ ಒಬ್ಬನೇ.

ವಿಮಾ ಕಚೇರಿಯ ಕ್ಲೇಮ್ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಸವೆಸಿದ ಮನುಷ್ಯ ಅವನು. ಸಣ್ಣ ಅಕ್ಷರದ ಷರತ್ತುಗಳನ್ನು ಓದಿ, ಮುರಿದ ಕಾಲು ಯಾವ ಷರತ್ತಿನ ಪ್ರಕಾರ ಮುರಿದಿಲ್ಲ ಎಂದು ತೀರ್ಮಾನಿಸುವುದು ಅವನ ಉದ್ಯೋಗ. ಅದೇ ಕಣ್ಣು ಸಂಜೆ ಅವನ ಜೊತೆ ಮನೆಗೂ ಬರುತ್ತಿತ್ತು. ಶ್ರೀಯಾ ಎಂಟು ವರ್ಷದವಳಿದ್ದಾಗ ಒಮ್ಮೆ ಲೂಡೋದಲ್ಲಿ ಅವಳಿಗೆ ಆರು ಬಿತ್ತು. ದಾಳ ಹಲಗೆ ಬಿಟ್ಟು ಹಾಸಿಗೆಯ ಮೇಲೆ ಬಿದ್ದದ್ದರಿಂದ ಆ ಆರು ಅಸಿಂಧು ಎಂದು ಘೋಷಿಸಿ, ಮಗು ಅಳುತ್ತಿರುವಾಗಲೇ ಪೆಟ್ಟಿಗೆಯ ಹಿಂಬದಿಯ ನಿಯಮವನ್ನು ಬೆರಳಿಟ್ಟು ಓದಿ ತೋರಿಸಿದ. ಸಂದೇಶನ ಜೊತೆ ರಮ್ಮಿ ಆಡುವಾಗ, ಎಲೆ ಕಲೆಸಿದ ಕ್ರಮದ ಬಗ್ಗೆ ಅವನಿಂದ ಲಿಖಿತ ವಿವರಣೆ ಕೇಳಿದ. ಸಂದೇಶ ಮರುದಿನದ ರೈಲಿಗೆ ಕಾಯದೆ ಅದೇ ರಾತ್ರಿಯ ಬಸ್ಸು ಹತ್ತಿದ.

ವಿನೋದಾ ತವರಿನಿಂದ ತಂದ ಚೆನ್ನೆಮಣೆಯ ಕಥೆಯೂ ಇದೇ. ಮದುವೆಯಾದ ಹೊಸತು, ಒಂದು ಮಧ್ಯಾಹ್ನ ಇಬ್ಬರೂ ಆಡಲು ಕೂತರು. ಅವಳು ಒಂದು ಸುತ್ತು ಕಾಳು ಹಾಕಿ ಮುಗಿಸುವುದೇ ತಡ, ಇವನು ಹದಿನಾಲ್ಕು ಗುಳಿಯ ಕಾಳುಗಳನ್ನೂ ಹೊರತೆಗೆದು ಮತ್ತೆ ಎಣಿಸಿದ. "ಸಂಶಯ ಅಲ್ಲ, ಪರಿಶೀಲನೆ" ಎಂದ. ವಿನೋದಾ ಒಂದು ಮಾತೂ ಆಡದೆ ಮಣೆಯನ್ನು ಎತ್ತಿ ಲಾಫ್ಟಿಗೆ ಹಾಕಿದಳು.

ಹೀಗೆ ಬಹಿಷ್ಕೃತನಾಗಿದ್ದವನಿಗೆ ಮೂರು ವರ್ಷದ ಹಿಂದೆ ಜ್ಞಾನೋದಯವಾಯಿತು. ಒಬ್ಬರೇ ಕೂತು ಆಡುವ ಬೋರ್ಡಿನ ಆಟಗಳು, ಎಲೆಗಳ ಆಟಗಳು ಲೋಕದಲ್ಲಿ ನೂರಾರು ಇವೆ! ಎದುರಾಳಿ ಬೇಡ, ಜಗಳವಿಲ್ಲ, ನಿಯಮ ಪುಸ್ತಕ ಓದುವಾಗ ಯಾರೂ ಆಕಳಿಸುವುದಿಲ್ಲ. ಒಂದು ಪೆಟ್ಟಿಗೆ ತರಿಸಿದ, ಆಡಿದ, ಆಡಿದ್ದನ್ನು ನಾಲ್ಕು ಪುಟ ಬರೆದು ಚೈತನ್ಯಾ ಎಂಬ ಹುಡುಗಿ ನಡೆಸುವ ಕನ್ನಡ ವೆಬ್‌ಸೈಟಿಗೆ ಕಳಿಸಿದ. ಆಕೆಗೆ ಬರೆಯುವವರ ಬರಗಾಲವೋ ಏನೋ, 'ಒಬ್ಬರ ಆಟ' ಎಂಬ ಅಂಕಣವನ್ನೇ ಕೊಟ್ಟುಬಿಟ್ಟಳು. ಅಲ್ಲಿಂದ ಮುಂದೆ ತಿಂಗಳಿಗೆರಡು ಪೆಟ್ಟಿಗೆ ಕೊರಿಯರಿನಲ್ಲಿ ಬರತೊಡಗಿದವು, ಕೃಷ್ಣಪ್ರಸಾದ ವಿಮರ್ಶಕನಾದ.

ವಿಮರ್ಶೆಗಳಲ್ಲಿ ಅವನು ಏಕಾಂತವನ್ನು ಹಾಡಿ ಹೊಗಳುತ್ತಿದ್ದ. 'ಎದುರಿಗೆ ಯಾರೂ ಇಲ್ಲದಿರುವುದೇ ಈ ಆಟದ ಪರಮೋಚ್ಚ ಸೌಂದರ್ಯ' ಎಂದು ಒಂದು ಕಡೆ, 'ಸಹವಾಸವೆಂಬ ಬಂಧನದಿಂದ ಮುಕ್ತಿ' ಎಂದು ಇನ್ನೊಂದು ಕಡೆ. ಓದಿದವರು ಇವನು ಹಿಮಾಲಯದಲ್ಲಿ ಕೂತು ಬರೆಯುತ್ತಾನೆ ಎಂದುಕೊಳ್ಳಬೇಕು. ಬರೆಯುತ್ತಿದ್ದದ್ದು ಊಟದ ಮೇಜಿನ ಒಂದು ಮೂಲೆಯಲ್ಲಿ, ಉಪ್ಪಿನಕಾಯಿ ಜಾಡಿಯನ್ನು ಪಕ್ಕಕ್ಕೆ ಸರಿಸಿ. ಸೋಫಾದಲ್ಲಿ ವಿನೋದಾ ತನ್ನ ಫೋನು ನೋಡುತ್ತಿದ್ದಳು, ರೂಮಿನೊಳಗೆ ಶ್ರೀಯಾ ತನ್ನದು. ಏಳರಿಂದ ಒಂಬತ್ತರವರೆಗೆ ಅವನು ಎಲೆ ಹಾಕಿ, ಎಲೆ ತೆಗೆದು, ದಾಳ ಉರುಳಿಸಿ, ತನ್ನ ಸರದಿ ಮುಗಿದಾಗ ಅಭ್ಯಾಸಬಲದಿಂದ ಖಾಲಿ ಕುರ್ಚಿಯ ಕಡೆ ನೋಡುತ್ತಿದ್ದ.

ಒಂದು ದಿನ, ಹದಿನೇಳು ಸಲ ಸೋತಿದ್ದ ಒಂದು ಆಟವನ್ನು ಹದಿನೆಂಟನೇ ಸಲ ಗೆದ್ದ. ಸಂತೋಷಕ್ಕೆ ಎದ್ದು ನಿಂತ.

"ಗೆದ್ದೆ!" ಎಂದ.

ವಿನೋದಾ ಫೋನಿನಿಂದ ತಲೆ ಎತ್ತಿದಳು. "ಯಾರನ್ನು?"

ಕೃಷ್ಣಪ್ರಸಾದ ಮತ್ತೆ ಕೂತು ಎಲೆಗಳನ್ನು ಜೋಡಿಸಿ ಪೆಟ್ಟಿಗೆಗೆ ತುಂಬಿದ. ಅವಳು ಚುಚ್ಚಬೇಕೆಂದು ಕೇಳಿದ್ದಲ್ಲ, ನಿಜವಾಗಿ ಗೊತ್ತಿಲ್ಲದೆ ಕೇಳಿದ್ದು. ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು. ಯಾರಾದರೂ ಎದುರಿಗೆ ಕೂತು ಒಂದು ಆಟ, ಒಂದೇ ಒಂದು ಆಟ, ತನ್ನ ಜೊತೆ ಆಡಲಿ ಎಂದು ಅವನಿಗೆ ಎಷ್ಟು ಆಸೆಯಿತ್ತೆಂದರೆ, ಅದನ್ನು ಬಾಯಿಬಿಟ್ಟು ಕೇಳುವುದಕ್ಕೆ ನಾಚಿಕೆಯಾಗುತ್ತಿತ್ತು. ಮುಕ್ತಿಯ ಬಗ್ಗೆ ಅಷ್ಟೆಲ್ಲ ಬರೆದವನು ಈಗ ಯಾವ ಮುಖ ಇಟ್ಟುಕೊಂಡು ಕೇಳಿಯಾನು?

ಈ ನಡುವೆ ಬಂದದ್ದು ಲೈಟ್‌ಹೌಸ್ ಆಟ. ಸಮುದ್ರದ ನಕಾಶೆ, ಮರದ ಎಂಟು ಹಡಗು, ಮಧ್ಯದಲ್ಲಿ ತಿರುಗಿಸುವ ದೀಪ, ಬಿಸಿಲು ಮಳೆ ಬಿರುಗಾಳಿಯ ಎಲೆಗಳು, ದೀಪಕ್ಕೆ ಎಣ್ಣೆಯ ಬಿಲ್ಲೆಗಳು. ಬೆಳಕು ಬಿದ್ದ ಹಡಗು ದಡ ಸೇರುತ್ತದೆ, ಕತ್ತಲಲ್ಲಿ ಉಳಿದದ್ದು ಬಿರುಗಾಳಿಗೆ ಸಿಕ್ಕಿ ಮುಳುಗುತ್ತದೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 'ಆಟಗಾರರು: 1' ಎಂದಿತ್ತು. ಎರಡು ವಾರ ಆಡಿ ಕೃಷ್ಣಪ್ರಸಾದ ಗಳಿಸಿದ ಅತಿ ಹೆಚ್ಚಿನ ಅಂಕ ನಲವತ್ತೊಂದು.

ಎರಡನೇ ವಾರದಲ್ಲಿ ಆಟಕ್ಕೆ ಏನೋ ರೋಗ ತಗುಲಿತು. ಬಿರುಗಾಳಿಯ ಎಲೆಯೊಂದು ಅಂಟಂಟಾಗಿತ್ತು. ಮೂಗಿಗೆ ಹಿಡಿದರೆ ಇಂಗಿನ ವಾಸನೆ. ಹಡಗು ಎಣಿಸಿದರೆ ಏಳೇ ಇದ್ದವು, ಎಂಟನೆಯದರ ಜಾಗದಲ್ಲಿ ಒಂದು ಹುಣಸೆ ಬೀಜ. ಎಲ್ಲಕ್ಕಿಂತ ಘೋರವಾದದ್ದು ಅಂಕ ಬರೆಯುವ ಪುಸ್ತಕದಲ್ಲಿತ್ತು. ಅವನ ನಲವತ್ತೊಂದರ ಕೆಳಗೆ ಯಾರೋ ಪೆನ್ಸಿಲಿನಲ್ಲಿ ಅರವತ್ತೆಂಟು ಎಂದು ಬರೆದಿದ್ದರು.

"ವಿನೋದಾ, ಈ ಪೆಟ್ಟಿಗೆ ಯಾರಾದರೂ ಮುಟ್ಟಿದ್ದಾರಾ?"

"ನನಗೆಂತ ಗೊತ್ತು ಮಾರಾಯ್ರೇ? ಆಡುದು ನೀವು, ಕೇಳುದು ನನ್ನ ಹತ್ರವಾ?"

ಶ್ರೀಯಾ ರೂಮಿನಿಂದಲೇ ತಮಿಳಿನಲ್ಲಿ "ಎನಕ್ಕು ತೆರಿಯಾದು" ಎಂದಳು. ಗೊತ್ತಿಲ್ಲ ಎನ್ನುವುದಕ್ಕೂ ಅವಳಿಗೆ ಕನ್ನಡ ಬೇಡ.

ಮನೆಯವರ ಹೇಳಿಕೆ ಪಡೆದಾಯಿತು, ಇನ್ನು ಉಳಿದ ಆರೋಪಿ ತಯಾರಕರು. ಕೃಷ್ಣಪ್ರಸಾದ ಆವೇಶದಿಂದ ವಿಮರ್ಶೆ ಬರೆದ. ಕಂಪನಿಯವರು ಯಾರೋ ಆಡಿ ಬಿಟ್ಟ ಪೆಟ್ಟಿಗೆಯನ್ನು ಕಳಿಸಿದ್ದಾರೆಂದೂ, ಅಡಿಗೆಮನೆಯಲ್ಲಿ ಪ್ಯಾಕ್ ಮಾಡಿರುವ ಲಕ್ಷಣಗಳಿವೆಯೆಂದೂ, ಹುಣಸೆ ಬೀಜವನ್ನು ಹಡಗೆಂದು ನಂಬಿಸುವುದು ಗ್ರಾಹಕನಿಗೆ ಮಾಡುವ ಅವಮಾನವೆಂದೂ ಬರೆದು, ಐದರಲ್ಲಿ ಒಂದೇ ನಕ್ಷತ್ರ ಕೊಟ್ಟ. ಅದು ಮಂಗಳವಾರ ಪ್ರಕಟವಾಯಿತು. ಬುಧವಾರ ಹನ್ನೊಂದು ಗಂಟೆಗೆ, ಅವನು ಆಫೀಸಿನಲ್ಲಿದ್ದಾಗ ಚೈತನ್ಯಾಳ ಫೋನು ಬಂತು.

"ಸರ್, ಪೆಟ್ಟಿಗೆ ಬಿಚ್ಚೋ ವಿಡಿಯೋ ನೀವೇ ಕಳಿಸಿದ್ರಲ್ಲ? ಅದರಲ್ಲಿ ಸೀಲ್ ಸರಿಯಾಗೇ ಇದೆ. ನೀವೇ ಎಂಟು ಹಡಗು ಎಣಿಸಿದ್ದೀರಿ. ಎರಡು ಸಲ ಎಣಿಸಿದ್ದೀರಿ ಸರ್."

ಎರಡು ಸಲ ಎಣಿಸಿದ್ದು ನಿಜವೇ. ಹಾಗಾದರೆ ಅಪರಾಧ ನಡೆದದ್ದು ಮನೆಯೊಳಗೆ, ತಾನಿಲ್ಲದ ಹೊತ್ತಿನಲ್ಲಿ! ಅನುಮಾನವಿದ್ದ ಕ್ಲೇಮುಗಳಿಗೆ ಹೇಳದೆ ಕೇಳದೆ ಹೋಗಿ ಸ್ಥಳ ತನಿಖೆ ಮಾಡುವುದು ಅವರ ಆಫೀಸಿನ ಪದ್ಧತಿ. ಕೃಷ್ಣಪ್ರಸಾದ ತಲೆನೋವೆಂದು ಅರ್ಧ ದಿನ ರಜೆ ಬರೆದುಕೊಟ್ಟು ಹೊರಟೇಬಿಟ್ಟ.

ಬಾಗಿಲನ್ನು ತನ್ನ ಕೀಲಿಯಿಂದ ಸದ್ದಿಲ್ಲದೆ ತೆಗೆದು, ಬೂಟು ಕೈಯಲ್ಲಿ ಹಿಡಿದು ಒಳಗೆ ಕಾಲಿಟ್ಟರೆ, ಹಾಲಿನಿಂದ ನಗು ಕೇಳಿಸಿತು. ಒಬ್ಬರದಲ್ಲ, ಮೂರು ನಾಲ್ಕು ಜನರದು, ಹೊಟ್ಟೆ ಹಿಡಿದುಕೊಂಡು ನಗುವ ನಗು. ನಡುವೆ ವಿನೋದಾಳ ದನಿ. ಅವಳು ಏನನ್ನೋ ಓದಿ ಹೇಳುತ್ತಿದ್ದಳು.

"'ಎದುರಿಗೆ ಯಾರೂ ಇಲ್ಲದಿರುವುದೇ ಇದರ ಏಕೈಕ ಹೆಗ್ಗಳಿಕೆ. ಆದರೆ ಎಲೆಗಳಲ್ಲಿ ಇಂಗಿನ ಘಾಟು...'"

"ಅಯ್ಯೋ ಕಡವುಳೇ, ಆ ಇಂಗು ನಂದೇ ಅಮ್ಮಾ! ಸಾಂಬಾರು ಕಲಸಿದ ಕೈ ತೊಳೀದೆ ಬಂದುಬಿಟ್ಟೆ," ಎಂದಿತು ಇನ್ನೊಂದು ದನಿ. ಅದು ಮೇಲಿನ ಮಹಡಿಯ ಕೋಮಳಾ ಮಾಮಿ. ಅವರ ಕುಟುಂಬ ಮೂರು ತಲೆಮಾರಿನ ಹಿಂದೆ ಮೈಸೂರು ಬಿಟ್ಟು ಮದ್ರಾಸು ಸೇರಿದ್ದು, ಮಾತು ಕನ್ನಡದಲ್ಲಿ ಶುರುವಾದರೂ ಎಲ್ಲಿ ತಮಿಳಿಗೆ ತಿರುಗುತ್ತದೆಂದು ಹೇಳುವಂತಿಲ್ಲ.

ಮತ್ತೆ ನಗು. ಕೃಷ್ಣಪ್ರಸಾದ ಬೂಟು ಹಿಡಿದುಕೊಂಡು ನಿಂತೇ ಇದ್ದ. ಅವನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಹೊಟ್ಟೆಕಿಚ್ಚು. ತನ್ನ ಮನೆಯಲ್ಲಿ ಇಷ್ಟು ನಗುವಿದೆ, ಅದು ದಿನಾ ತಾನು ಹೊರಟ ಮೇಲೆ ಹೊರಗೆ ಬಂದು, ತಾನು ಬರುವ ಮೊದಲು ಒಳಗೆ ಹೋಗುತ್ತದೆ ಎಂದು ಅವನಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಅವನು ಹಾಲಿಗೆ ಬಂದ. ಮೇಜಿನ ಮೇಲೆ ಸಮುದ್ರ ಹರಡಿತ್ತು. ಸುತ್ತ ವಿನೋದಾ, ಮಾಮಿ, ಎರಡನೇ ಮಹಡಿಯಲ್ಲಿ ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವ ಮಂಗಳೂರಿನ ಅಶ್ವಿತಾ, ಮತ್ತು ನಾಲ್ಕನೇ ಕುರ್ಚಿಯಲ್ಲಿ ಪರೀಕ್ಷೆಗೆ ಓದುವ ರಜೆಯಲ್ಲಿದ್ದ, ಪೆನ್ಸಿಲು ಹಿಡಿದ ಶ್ರೀಯಾ. ಓದುವುದು ಬೆಟ್ಟದಷ್ಟಿದೆ ಎಂದು ಹೇಳಿ ವರ್ಷಗಳಿಂದ ಅಪ್ಪನ ಜೊತೆ ಒಂದು ಸಲವೂ ಕೂರದ ಶ್ರೀಯಾ! ಅಶ್ವಿತಾ ಗಾಬರಿಯಿಂದ ತನ್ನ ದುಪಟ್ಟಾವನ್ನು ಸಮುದ್ರದ ಮೇಲೆ ಎಳೆದಳು.

"ಅಪ್ಪಾ, ನೀಂಗ ಎಪ್ಪೋ ವಂದೀಂಗ?" ಎಂದಳು ಶ್ರೀಯಾ.

"ಯಾವಾಗ ಬಂದೆ ಅನ್ನೋದು ಮುಖ್ಯ ಅಲ್ಲ. ಇದು ಒಬ್ಬರ ಆಟ! ಪೆಟ್ಟಿಗೆ ಮೇಲೆ ಬರೆದಿದೆ!"

"ಒಬ್ಬರ ಆಟವೇ. ಯಾರು ಅಲ್ಲ ಹೇಳಿದ್ದು?" ವಿನೋದಾ ಅಂಜಲಿಲ್ಲ. ಇದೇ ಊರಿನ ಕೀಲ್ಪಾಕಿನಲ್ಲಿ ಅಪ್ಪನ ಹೋಟೆಲಿನ ಗಲ್ಲಾದ ಹಿಂದೆ ಬೆಳೆದವಳು ಅವಳು, ಗಲಾಟೆ ಮಾಡುವ ಗಿರಾಕಿಗಳನ್ನು ಬೇಕಾದಷ್ಟು ಕಂಡವಳು. "ನಮ್ಮ ಹೋಟೆಲಿನಲ್ಲಿ ಒಂದು ಕಾಫಿಯನ್ನು ಇಬ್ಬರು ಕುಡಿಯುದಿಲ್ವಾ, ಬೈ ಟೂ ಮಾಡಿ? ಹಾಗೆಯೇ ಇದು. ಆಟಗಾರ ಒಬ್ಬನೇ. ಅವನನ್ನು ನಾವು ಬೈ ಫೋರ್ ಮಾಡಿಕೊಂಡದ್ದು. ಹಡಗು ನನಗೆ, ಮಳೆ ಮಾಮಿಗೆ, ಎಣ್ಣೆ ಅಶ್ವಿತಾಳಿಗೆ, ಲೆಕ್ಕ ಶ್ರೀಯಾಳಿಗೆ."

ಇಪ್ಪತ್ತೆಂಟು ವರ್ಷದ ಅನುಭವದಲ್ಲಿ ಕೃಷ್ಣಪ್ರಸಾದನಿಗೆ ಇಂಥ ವಾದ ಎದುರಾಗಿರಲಿಲ್ಲ. ಅಷ್ಟರಲ್ಲಿ ಅವನ ಕಣ್ಣು ಮಾಮಿಯ ಮುಂದೆ ಬಿದ್ದಿತು. ಬೋರಲಾಗಿರಬೇಕಾದ ಹವಾಮಾನದ ಎಲೆಗಳು ಸಾಲಾಗಿ ಮುಖ ಮೇಲೆ ಮಾಡಿ ಮಲಗಿದ್ದವು.

"ಎಲೆ ಮುಂಚೆಯೇ ನೋಡಿದ್ದೀರಾ? ಮಾಮಿ, ಇದು ಮೋಸ!"

"ಮೋಸ ಎಲ್ಲಾ ಇಲ್ಲ ಸಾರ್," ಎಂದರು ಮಾಮಿ ಶಾಂತವಾಗಿ. "ವೇಲಚೇರಿಯಲ್ಲಿ ಇದ್ದುಕೊಂಡು ನಾಳೆ ಮಳೆ ಬರತ್ತಾ ಅಂತ ನೋಡದೆ ಯಾರಾದರೂ ಕೂರ್ತಾರಾ? ಪ್ರತಿ ವರ್ಷ ನೀವೇ ಸ್ಕೂಟರು ಎತ್ಕೊಂಡು ಹೋಗಿ ಫ್ಲೈಓವರ್ ಮೇಲೆ ನಿಲ್ಲಿಸಲ್ವಾ, ನೀರು ನುಗ್ಗೋ ಮುಂಚೇನೇ?"

ಅಶ್ವಿತಾ ದುಪಟ್ಟಾ ಮೆಲ್ಲಗೆ ಎಳೆದುಕೊಂಡಳು. ಎಲ್ಲರೂ ಕಾಯುತ್ತಿದ್ದದ್ದು ಅವನು ಯಾವಾಗ ಒಳಗೆ ಹೋಗುತ್ತಾನೆ ಎಂದು. ಅದು ಕೃಷ್ಣಪ್ರಸಾದನಿಗೂ ತಿಳಿಯಿತು. ಒಳಗೆ ಹೋದರೆ ಮತ್ತೆ ಅದೇ ಮೂಲೆ, ಅದೇ ಖಾಲಿ ಕುರ್ಚಿ. ಅವನು ಬೂಟು ಕೆಳಗಿಟ್ಟ.

"ಬೈ ಫೈವ್ ಮಾಡಲಿಕ್ಕೆ ಬರುವುದಿಲ್ಲವಾ?" ಎಂದ. ದನಿ ಅವನದೇ ಎಂದು ನಂಬುವುದು ಕಷ್ಟವಾಗಿತ್ತು.

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕ್ಲೇಮು ಪರಿಶೀಲನೆಗೆ ಬಿತ್ತು. ಮಾಮಿ ಪಾಪ ಎಂದರು. ಅಶ್ವಿತಾ ಅಂಕಲ್ ಕೂರಲಿ ಬಿಡಿ ಎಂದಳು. ವಿನೋದಾ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಷರತ್ತುಗಳನ್ನು ಹೇಳಿದಳು. ನಿಯಮ ಪುಸ್ತಕ ಮುಟ್ಟಬಾರದು. ಯಾಕೆ ಎಂದು ಕೇಳಬಾರದು. ಏನನ್ನೂ ಎಣಿಸಬಾರದು.

"ಅಪ್ಪಾ, ಒರು ವಾರ್ತೆ ಪೇಸಕ್ಕೂಡಾದು," ಎಂದು ಶ್ರೀಯಾ ಕೊನೆಯ ಷರತ್ತು ಸೇರಿಸಿದಳು. ಒಂದು ಮಾತೂ ಆಡುವ ಹಾಗಿಲ್ಲ.

ಅಡಿಗೆಮನೆಯಿಂದ ಸ್ಟೂಲು ತಂದು ಅವನನ್ನು ಕೂರಿಸಿದರು. ಕೆಲಸ ಕೊಟ್ಟದ್ದು ದೀಪ ತಿರುಗಿಸುವುದು, ಅದೂ ಹೇಳಿದಾಗ, ಹೇಳಿದ ಕಡೆಗೆ. ಅದರ ನಂತರದ ಮುಕ್ಕಾಲು ಗಂಟೆಯಲ್ಲಿ ಕೃಷ್ಣಪ್ರಸಾದ ಕಂಡ ಅಕ್ರಮಗಳನ್ನು ಬರೆದರೆ ಒಂದು ಫೈಲಾಗುತ್ತಿತ್ತು. ಹಡಗುಗಳು ಹಿಂದಕ್ಕೆ ಹೋದವು. ಮಾಮಿ ಬಿರುಗಾಳಿಯೊಂದನ್ನು "ಇದು ಈಗ ಬೇಡ" ಎಂದು ಕೊನೆಗೆ ಇಟ್ಟರು. ಹುಣಸೆ ಬೀಜಕ್ಕೆ ಉಳಿದೆಲ್ಲ ಹಡಗಿಗಿಂತ ಮೊದಲು ದಡ ಸೇರುವ ಹಕ್ಕಿತ್ತು, ಅದು ಸಣ್ಣದು ಎಂಬ ಕಾರಣಕ್ಕೆ. ಕೃಷ್ಣಪ್ರಸಾದ ತುಟಿ ಕಚ್ಚಿಕೊಂಡು ದೀಪ ತಿರುಗಿಸಿದ. ಒಂದು ಸಲ ಶ್ರೀಯಾ ನಕ್ಕು ಅವನ ತೋಳಿಗೆ ತಲೆ ಒರಗಿಸಿದಳು, ಯಾರ ತೋಳು ಎಂದು ನೋಡದೆಯೇ. ಅವನು ಅಲುಗಾಡದೆ ಕೂತ. ಮೂರು ವರ್ಷದಲ್ಲಿ ಅವನು ಅಷ್ಟು ಸುಖವಾಗಿ ಯಾವ ಆಟದ ಮುಂದೆಯೂ ಕೂತಿರಲಿಲ್ಲ.

ಏಳು ಹಡಗು ದಡ ಸೇರಿದವು. ಇನ್ನೊಂದು ಸೇರಿದರೆ ಎಂಬತ್ತು ಅಂಕ, ಹೊಸ ದಾಖಲೆ. ಅಷ್ಟರಲ್ಲಿ ಅಶ್ವಿತಾಳ ಕೈಯಲ್ಲಿ ಎಣ್ಣೆಯ ಬಿಲ್ಲೆ ಒಂದೇ ಉಳಿಯಿತು. ನಿಯಮ ಪುಸ್ತಕದ ಹನ್ನೊಂದನೇ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ಕೊನೆಯ ಬಿಲ್ಲೆ ಕೈಯಲ್ಲಿರುವಾಗ ದೀಪವನ್ನು ಪೂರ್ತಿ ಒಂದು ಸುತ್ತು ತಿರುಗಿಸಿದರೆ ಮೂರು ಬಿಲ್ಲೆ ಮತ್ತೆ ಸಿಗುತ್ತದೆ. ಆ ಸಾಲು ಲೋಕದಲ್ಲಿ ಗೊತ್ತಿದ್ದದ್ದು ಆಟ ಮಾಡಿದವರಿಗೆ ಮತ್ತು ಕೃಷ್ಣಪ್ರಸಾದನಿಗೆ. ದೀಪವೂ ಅವನ ಕೈಯಲ್ಲೇ ಇತ್ತು. ಮಾತು ಗಂಟಲವರೆಗೆ ಬಂತು. ಅವನು ಮಗಳ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ, ಕೊಟ್ಟ ಮಾತು ನೆನೆದು ನುಂಗಿಕೊಂಡ. ಎಣ್ಣೆ ಮುಗಿಯಿತು, ದೀಪ ಆರಿತು. ಎಂಟನೇ ಹಡಗು ಸಕಲ ಪ್ರಯಾಣಿಕರ ಸಮೇತ ಮುಳುಗಿತು.

"ಛೇ! ಎಂತದಾದ್ರೂ ದಾರಿ ಇತ್ತಾ ಏನೋ," ಎಂದಳು ವಿನೋದಾ.

"ಇತ್ತು," ಎಂದ ಕೃಷ್ಣಪ್ರಸಾದ, ಆಟ ಮುಗಿಯಿತಲ್ಲ ಎಂಬ ಧೈರ್ಯದಲ್ಲಿ. ದಾರಿ ಯಾವುದೆಂದು ವಿವರಿಸಿದ. ಪುಟದ ಸಂಖ್ಯೆಯನ್ನೂ ಹೇಳಿದ.

ನಾಲ್ವರೂ ಅವನ ಕಡೆ ತಿರುಗಿದರು.

"ಗೊತ್ತಿದ್ದೂ ಸುಮ್ಮನೆ ಕೂತದ್ದಾ?" ವಿನೋದಾಳ ದನಿ ಏರಿತು. "ಇಪ್ಪತ್ತೆರಡು ವರ್ಷದಿಂದ ಬೇಡ ಬೇಡ ಅಂದ್ರೂ ಪುಟಗಟ್ಟಲೆ ಹೇಳ್ತೀರಿ. ಇವತ್ತು ಒಂದು ದಿವಸ ಬೇಕಾದಾಗ ನಾಲಿಗೆಗೆ ಬೀಗವಾ?"

"ಮಾತಾಡಬಾರದು ಅಂತ ನೀವೇ ತಾನೇ..."

"ನಾನು ಹೇಳಿದ್ದು ಕಿರಿಕಿರಿ ಮಾಡಬೇಡಿ ಅಂತ! ಹಡಗು ಮುಳುಗುದನ್ನು ನೋಡ್ತಾ ಕೂರಿ ಅಂತ ಅಲ್ಲ!"

ಮಾಮಿ ಸೆರಗು ಸರಿಮಾಡಿಕೊಂಡು ಎದ್ದರು. ಅಶ್ವಿತಾಳಿಗೆ ಆಫೀಸಿನ ಕಾಲ್ ನೆನಪಾಯಿತು. ಶ್ರೀಯಾ ಪೆನ್ಸಿಲು ಇಟ್ಟು ರೂಮಿಗೆ ಹೋದಳು. ಕೃಷ್ಣಪ್ರಸಾದ ಸ್ಟೂಲಿನ ಮೇಲೆ ದೀಪ ಹಿಡಿದುಕೊಂಡು ಒಬ್ಬನೇ ಉಳಿದ.

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಹಾಲಿನಲ್ಲಿ ಯಾರೂ ಕಾಣಲಿಲ್ಲ. ಮೇಜಿನ ಮೇಲೆ ಪೆಟ್ಟಿಗೆಯೂ ಇರಲಿಲ್ಲ. ತುಸು ಹೊತ್ತಿನಲ್ಲಿ ಮೇಲಿನ ಮನೆಯಿಂದ ಕುರ್ಚಿ ಎಳೆದ ಸದ್ದು, ಆಮೇಲೆ ನಗು. ಆಟ ಮಹಡಿ ಹತ್ತಿತ್ತು. ಕೃಷ್ಣಪ್ರಸಾದ ಹತ್ತು ನಿಮಿಷ ಫ್ಯಾನು ನೋಡುತ್ತಾ ಮಲಗಿದ. ಮುಂದಿನ ವಿಮರ್ಶೆಗೆ ಏಕಾಂತದ ಬಗ್ಗೆ ಒಂದು ವಾಕ್ಯ ಯೋಚಿಸಿದ. ಮೊದಲ ಪದವೂ ಬರಲಿಲ್ಲ. ಎದ್ದು, ಅಂಗಿ ಹಾಕಿಕೊಂಡು, ಮೆಟ್ಟಿಲು ಹತ್ತಿ ಮಾಮಿಯ ಮನೆಯ ಬೆಲ್ಲು ಒತ್ತಿದ.

ಬಾಗಿಲು ತೆರೆದದ್ದು ವಿನೋದಾ. "ಎಂತ?"

"ನಾನೂ ಆಡಲಿಕ್ಕೆ ಬಂದೆ," ಎಂದ. ಇಷ್ಟು ವರ್ಷದಲ್ಲಿ ಅವನು ಇದನ್ನು ಹೀಗೆ ನೇರವಾಗಿ ಹೇಳಿದ್ದು ಇದೇ ಮೊದಲು. "ಒಬ್ಬನಿಗೇ ಬೇಜಾರಾಗುತ್ತದೆ ವಿನೋದಾ."

ವಿನೋದಾಳ ಮುಖ ಮೆತ್ತಗಾಯಿತು. ಒಂದು ಗಳಿಗೆ ಅವನನ್ನೇ ನೋಡಿದಳು. ಒಳಗಿನಿಂದ ಮಾಮಿ ಬಂದು ಅವಳ ಕಿವಿಯಲ್ಲಿ ಏನೋ ಹೇಳಿದರು. ಇಬ್ಬರ ಮುಖದಲ್ಲೂ ಒಂದು ಹೊಸ ಬೆಳಕು ಮೂಡಿತು.

"ಬನ್ನಿ ಸಾರ್, ಬನ್ನಿ," ಎಂದು ಮಾಮಿ ಅಕ್ಕರೆಯಿಂದ ಕರೆದು, ನಾಲ್ವರ ಮೇಜನ್ನು ದಾಟಿಸಿ, ಒಳಗಿನ ಕೋಣೆಯ ಬಾಗಿಲು ತೆರೆದು ಅವನನ್ನು ಮೆಲ್ಲಗೆ ಒಳಕ್ಕೆ ತಳ್ಳಿದರು.

ಕೋಣೆಯ ಮಂಚದ ಮೇಲೆ ಮಾಮಿಯ ಯಜಮಾನರು ಶಿವರಾಮು ಕೂತಿದ್ದರು. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತರಾದವರು. ಅವರ ಮುಂದೆ ಪ್ಲೈವುಡ್ಡಿನ ದೊಡ್ಡ ಹಲಗೆ, ಅದರ ಮೇಲೆ ಬೀಚ್ ಸ್ಟೇಷನ್ನಿನಿಂದ ತಾಂಬರಂವರೆಗಿನ ಲೋಕಲ್ ರೈಲಿನ ಹಳಿ, ಬೆಂಕಿಕಡ್ಡಿಯ ಸಿಗ್ನಲ್ಲುಗಳು, ಅಂಗಿಗುಂಡಿಯ ರೈಲುಗಳು.

"ನಾನೇ ಕಂಡುಹಿಡಿದ ಆಟ," ಎಂದರು ಶಿವರಾಮು. ಅವರ ಕಣ್ಣು ಹೊಳೆಯಿತು. "ಇದಕ್ಕೆ ಇಬ್ಬರು ಬೇಕು. ಆರು ವರ್ಷದಿಂದ ಇನ್ನೊಬ್ಬರು ಸಿಕ್ಕಿಲ್ಲ. ಕೂತ್ಕೊಳ್ಳಿ ಸಾರ್. ಮೊದಲು ರೂಲ್ಸ್ ಹೇಳ್ಬಿಡ್ತೀನಿ."

ದಿಂಬಿನ ಅಡಿಯಿಂದ ಟೈಪು ಮಾಡಿ ಸ್ಪೈರಲ್ ಹಾಕಿಸಿದ ಪುಸ್ತಕ ಹೊರಗೆ ಬಂತು. ಅರವತ್ತು ಪುಟಕ್ಕೆ ಕಡಿಮೆಯಿರಲಿಲ್ಲ. ಶಿವರಾಮು ಮೊದಲ ಪುಟದ ಮೊದಲ ಸಾಲಿನ ಮೇಲೆ ಬೆರಳಿಟ್ಟು ಓದತೊಡಗಿದರು. ಮುಕ್ಕಾಲು ಗಂಟೆಯಾದಾಗ ವಿವರಣೆ ಇನ್ನೂ ನಾಲ್ಕನೇ ಸ್ಟೇಷನ್ನಾದ ಎಗ್ಮೋರು ದಾಟಿರಲಿಲ್ಲ. ಕೃಷ್ಣಪ್ರಸಾದನ ಕಾಲು ಜೋಮು ಹಿಡಿಯಿತು. ಆಕಳಿಕೆ ಬಂತು, ಹಲ್ಲು ಕಚ್ಚಿ ತಡೆದ. ಕೆಂಪು ಸಿಗ್ನಲಿನ ಬಗ್ಗೆ ಒಂದು ಸಂಶಯ ಕೇಳೋಣವೆಂದು ಬಾಯಿ ತೆರೆದರೆ, ಅವರು ಓದುತ್ತಿದ್ದಂತೆಯೇ ಕೈ ಎತ್ತಿದರು.

"ಡೌಟು ಎಲ್ಲಾ ಕೊನೇಲಿ."

ಹಾಲಿನಿಂದ ದೊಡ್ಡ ನಗು ಕೇಳಿಸಿತು. ಯಾವುದೋ ಹಡಗು ದಡ ಸೇರಿರಬೇಕು. ವಿನೋದಾ ಇಷ್ಟು ವರ್ಷ ಏನು ಅನುಭವಿಸಿದ್ದಳೆಂಬುದು ಕೃಷ್ಣಪ್ರಸಾದನಿಗೆ ಆ ಮಂಚದ ಅಂಚಿನಲ್ಲಿ, ಚೆಟ್‌ಪೇಟೆಗೆ ಇನ್ನೂ ಒಂದು ಸ್ಟೇಷನ್ ಇರುವಾಗ, ಸ್ಪಷ್ಟವಾಗಿ ಅರ್ಥವಾಯಿತು.

ಐದು ಗಂಟೆಗೆ ಶಿವರಾಮು ಪುಸ್ತಕ ಮುಚ್ಚಿದರು. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡರು.

"ಇಷ್ಟೊತ್ತಿಗೆ ಎಲ್ಲಾರೂ ಎದ್ದು ಹೋಗ್ತಾರೆ," ಎಂದರು. "ನನ್ನ ಮಗನೂ ಎದ್ದು ಹೋದ. ನೀವು ಕೂತಿದ್ದೀರಿ."

ಕೃಷ್ಣಪ್ರಸಾದ ಜೋಮು ಹಿಡಿದ ಕಾಲನ್ನು ಕೈಯಿಂದ ಎತ್ತಿ ಕೆಳಗಿಟ್ಟ. ಬಾಗಿಲು ಎರಡೇ ಹೆಜ್ಜೆ ದೂರದಲ್ಲಿತ್ತು.

"ನಾಳೆ ಭಾನುವಾರ," ಎಂದ. "ಎಷ್ಟು ಗಂಟೆಗೆ ಬರಲಿ?"

"ಬೆಳಿಗ್ಗೆ ಬೇಗನೇ ಬಂದುಬಿಡಿ," ಎಂದರು ಶಿವರಾಮು ಸಂಭ್ರಮದಿಂದ. "ಮೊದಲಿಂದ ಒಂದು ಸಲ ರಿವಿಜನ್ ಮಾಡೋಣ."

ಕೃಷ್ಣಪ್ರಸಾದ ಆಗಲಿ ಎಂದ.